ಬಂದೂಕು ಮಾಡುತ್ತಿದ್ದ ಕ್ವೇಕರ್: ಯುದ್ಧ ಬೇಡ ಅಂದವರು ಗೆರೆ ಎಲ್ಲಿ ಎಳೆದರು?

ಹಳೇಕಡತ (ಚರ್ಚೆ ಶುರು ಮಾಡಿದವರು)

ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ. ಇಲ್ಲಿ ಹಾಕಿದರೆ ಬೈದಾದರೂ ಬಿಡಿಸುತ್ತೀರಿ ಅಂತ ಹಾಕುತ್ತಿದ್ದೇನೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಯಾಮ್ಯುಯೆಲ್ ಗಾಲ್ಟನ್ ಅಂತ ಒಬ್ಬ ದೊಡ್ಡ ವ್ಯಾಪಾರಿ ಇದ್ದ. ಧರ್ಮದಲ್ಲಿ ಕ್ವೇಕರ್. ಅಂದರೆ ಯಾವ ಕಾರಣಕ್ಕೂ ಆಯುಧ ಎತ್ತಬಾರದು, ಯುದ್ಧವೇ ಪಾಪ ಅನ್ನುವ ಪಂಥ. ಕಸುಬು ಏನು ಗೊತ್ತಾ? ಬಂದೂಕು ಮಾಡಿ ಮಾರುವುದು. ಅದೂ ಸಣ್ಣ ಅಂಗಡಿಯಲ್ಲ. ಮಾಲು ಸರ್ಕಾರದ ಸೈನ್ಯಕ್ಕೂ ಹೋಗುತ್ತಿತ್ತು, ಆಫ್ರಿಕಾದ ಕರಾವಳಿಗೂ ಹೋಗುತ್ತಿತ್ತು. ಆ ಕರಾವಳಿಯಲ್ಲಿ ಬಂದೂಕು ಕೊಟ್ಟು ವ್ಯಾಪಾರಿಗಳು ಕೊಳ್ಳುತ್ತಿದ್ದದ್ದು ಮನುಷ್ಯರನ್ನು.

1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು. ಊರಿನ ಕ್ವೇಕರ್ ಸಭೆಗೆ ಇದು ಕಣ್ಣು ಚುಚ್ಚತೊಡಗಿತು. ಈ ಕಸುಬು ಬಿಡು ಅಂದರು. ಗಾಲ್ಟನ್ ಸುಮ್ನೆ ಕೂರಲಿಲ್ಲ. ಉದ್ದದ ಉತ್ತರ ಬರೆದ. ನನ್ನ ಅಜ್ಜ ಮಾಡಿದ, ಸೋದರಮಾವ ಮಾಡಿದ, ಅಪ್ಪ ಮಾಡಿದ. 70 ವರ್ಷ ನಮ್ಮ ಮನೆಯಲ್ಲಿ ಇದೇ ಕೆಲಸ. ಅಷ್ಟೂ ವರ್ಷ ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ, ಈಗ ಯಾಕೆ? ಬಾರ್ಲಿ ಬಿತ್ತಿದ ರೈತ, ಅದರಿಂದ ಮದ್ಯ ಕಾಯಿಸಿದವನು, ಇವರೆಲ್ಲ ಕುಡುಕನ ಪಾಪಕ್ಕೆ ಹೊಣೆಯಾ? ಯುದ್ಧಕ್ಕೆ ಹೋಗುವ ತೆರಿಗೆ ನೀವೂ ಕಟ್ಟುತ್ತೀರಲ್ಲ? ಗುಲಾಮರು ಬೆಳೆದ ಸಕ್ಕರೆ ತಿನ್ನುತ್ತೀರಿ, ಅವರು ಬಿಡಿಸಿದ ಹತ್ತಿ ಉಡುತ್ತೀರಿ. ನಿಮ್ಮ ಕೈ ಚೊಕ್ಕವಾ?

1796ರಲ್ಲಿ ಅವನನ್ನು ಸಭೆಯಿಂದ ಹೊರಗಿಟ್ಟರು.

ನನ್ನ ಪ್ರಶ್ನೆ ಇಷ್ಟೆ. ಹೊರಗಿಟ್ಟದ್ದು ಸರಿ ಅಂತ ನನಗೂ ಅನಿಸುತ್ತೆ. ಆದರೆ ಅವನ ವಾದಕ್ಕೆ ಉತ್ತರ ಏನು? ಯುದ್ಧ ಬೇಡ ಅಂದ ಮೊದಲ ಕಾಲದ ಧಾರ್ಮಿಕ ಪಂಥಗಳ ಬಗ್ಗೆ ಓದಿದಷ್ಟೂ ಇದೇ ತೊಡಕು ಕಾಣುತ್ತಿದೆ. 'ಕೊಲ್ಲಬೇಡ' ಅನ್ನುವುದರಲ್ಲಿ ಅವರಿಗೆ ಗೊಂದಲ ಇರಲಿಲ್ಲ. ಕೊಲ್ಲುವವನಿಗೆ ನಮ್ಮ ಕೈ ಎಷ್ಟು ದೂರದಿಂದ ತಾಗುತ್ತಿದೆ ಅನ್ನುವಲ್ಲೇ ಜಗಳವೆಲ್ಲ.

ನುಗ್ಗೇಕಾಯಿ_ಸಾರು

ಕ್ವೇಕರ್ ಅಂದ್ರೆ ಓಟ್ಸ್ ಡಬ್ಬದ ಮೇಲೆ ಇರೋ ಟೋಪಿ ತಾತ ಅಲ್ವಾ? ಅವರು ಪಂಥ ಅಂತ ಇವತ್ತೇ ಗೊತ್ತಾಗಿದ್ದು. 😀 ಸ್ವಲ್ಪ ಬಿಡಿಸಿ ಹೇಳಿ ಸರ್.

ಹಳೇಕಡತ

ಹಹ್ಹಾ, ಅದೇ ಟೋಪಿ. ಆದರೆ ಆ ಕಂಪನಿ ಶುರು ಮಾಡಿದವರು ಕ್ವೇಕರ್‌ಗಳಲ್ಲ. ಕ್ವೇಕರ್ ಅಂದರೆ ಅಳತೆ ತೂಕದಲ್ಲಿ ಮೋಸ ಮಾಡದವರು ಅಂತ ಜನರಲ್ಲಿ ಹೆಸರಿತ್ತು, ಅದನ್ನು ಡಬ್ಬದ ಮೇಲೆ ಅಂಟಿಸಿಕೊಂಡರು.

ಪಂಥ ಹುಟ್ಟಿದ್ದು 1650ರ ಆಸುಪಾಸು, ಇಂಗ್ಲೆಂಡಿನಲ್ಲಿ ರಾಜನ ತಲೆ ಕಡಿದ ಹೊಸದರಲ್ಲಿ. ಜಾರ್ಜ್ ಫಾಕ್ಸ್ ಮೊದಲಿಗ. ಪಾದ್ರಿ ಬೇಡ, ಪೂಜೆ ಬೇಡ, ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಅನ್ನುವುದು ಅವನ ಮಾತು. ಸುಮ್ಮನೆ ಕೂತು ಕಾಯುವುದೇ ಅವರ ಆರಾಧನೆ. ದೈವನಿಂದೆ ಅಂತ ಅವನನ್ನು ಡರ್ಬಿ ಜೈಲಿಗೆ ಹಾಕಿದ್ದರು. 1651ರಲ್ಲಿ ಶಿಕ್ಷೆ ಮುಗಿಯುವ ಹೊತ್ತಿಗೆ ಸೈನ್ಯಕ್ಕೆ ಜನ ಬೇಕಾಗಿ, ನೀನು ಕ್ಯಾಪ್ಟನ್ ಆಗು ಅಂತ ಕರೆದರು. ಯುದ್ಧ ಹುಟ್ಟುವ ಕಾರಣವನ್ನೇ ಕಿತ್ತುಹಾಕುವ ಬದುಕಿನಲ್ಲಿ ನಾನಿದ್ದೇನೆ, ಬರುವುದಿಲ್ಲ ಅಂದ. ಅಷ್ಟಕ್ಕೆ ಕಳ್ಳಕಾಕರ ಜೊತೆ ಹಾಸಿಗೆಯೂ ಇಲ್ಲದ ಕತ್ತಲೆ ಕೋಣೆಗೆ ತಳ್ಳಿದರು. ಇನ್ನೂ ಅರ್ಧ ವರ್ಷ.

1661ರ ಜನವರಿಯಲ್ಲಿ ಫಾಕ್ಸ್ ಮತ್ತು ಜೊತೆಯವರು ರಾಜ ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟರು: ಹೊರಗಿನ ಯಾವ ಆಯುಧದಿಂದಲೂ, ಯಾವ ಗುರಿಗಾಗಿಯೂ ನಾವು ಹೋರಾಡುವುದಿಲ್ಲ. ಕ್ರಿಸ್ತನ ರಾಜ್ಯಕ್ಕಾಗಿಯೂ ಇಲ್ಲ, ಈ ಲೋಕದ ರಾಜ್ಯಕ್ಕಾಗಿಯೂ ಇಲ್ಲ.

ಕೆಂಪುಶಾಯಿ

ಅರ್ಧ ಕತೆ ಹೇಳಿದಿರಿ. ಅದೇ ಜನವರಿಯಲ್ಲಿ ಲಂಡನ್ನಿನಲ್ಲಿ ಥಾಮಸ್ ವೆನ್ನರ್ ಅನ್ನುವವನು ಕ್ರಿಸ್ತನ ರಾಜ್ಯ ತರುತ್ತೇನೆ ಅಂತ ಕತ್ತಿ ಹಿಡಿದು ದಂಗೆ ಎದ್ದಿದ್ದ. ಸರ್ಕಾರ ಸಿಕ್ಕಸಿಕ್ಕ ಭಿನ್ನಮತದವರನ್ನೆಲ್ಲ ಹಿಡಿಯಿತು, ಕ್ವೇಕರ್‌ಗಳೇ ಸಾವಿರಾರು ಮಂದಿ ಜೈಲು ಸೇರಿದರು. ಆ ಹೊತ್ತಿನಲ್ಲಿ ಬಂದ ಹೇಳಿಕೆ ಇದು. 'ಅವರು ನಾವಲ್ಲ ಸ್ವಾಮಿ, ನಮ್ಮನ್ನು ಬಿಡಿ' ಅನ್ನುವ ಅರ್ಜಿ. ಅದಕ್ಕೂ ಮುಂಚೆ ಎಷ್ಟೋ ಕ್ವೇಕರ್‌ಗಳು ರಾಜನ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನ ಸೈನ್ಯದಲ್ಲಿ ಇದ್ದವರು. ಫಾಕ್ಸ್‌ನಷ್ಟೇ ದೊಡ್ಡ ಹೆಸರಿನ ಜೇಮ್ಸ್ ನೇಯ್ಲರ್ ಸೈನ್ಯದಲ್ಲಿ ದುಡಿದು ಬಂದವನು. ಹುಟ್ಟಾ ಶಾಂತಿವಾದಿಗಳು ಅಂತ ಚಿತ್ರ ಬಿಡಿಸುವುದು ಬೇಡ.

ಹಳೇಕಡತ

ಒಪ್ಪಿದೆ. ಹೆದರಿಕೆಯಲ್ಲಿ ಬರೆದದ್ದು ಅನ್ನೋಣ. ಆದರೆ ಹೆದರಿಕೆ ಹೋದ ಮೇಲೂ ಅದನ್ನು ಬಿಡಲಿಲ್ಲ ನೋಡಿ. ನಂತರ ಪ್ರತಿ ಯುದ್ಧದಲ್ಲೂ ಅದೇ ಮಾತಿಗೆ ದಂಡ ಕಟ್ಟಿದರು, ದನಕರು ಪಾತ್ರೆಪಗಡೆ ಜಪ್ತಿ ಮಾಡಿಸಿಕೊಂಡರು. ಅರ್ಜಿಗೋಸ್ಕರ ಇಷ್ಟು ಮಾಡುತ್ತಾರಾ?

ಸಿಪಾಯಿ_ತಮ್ಮ

ನನ್ನ ಅಣ್ಣ ಸೈನ್ಯದಲ್ಲಿದ್ದಾನೆ, ಹದಿನಾಲ್ಕು ವರ್ಷ ಆಯಿತು. ಅದಕ್ಕೆ ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ನಾನು ಆಯುಧ ಮುಟ್ಟುವುದಿಲ್ಲ ಅನ್ನುವವನು ರಾತ್ರಿ ನೆಮ್ಮದಿಯಾಗಿ ಮಲಗುವುದು ಯಾರೋ ಆಯುಧ ಹಿಡಿದು ಎಚ್ಚರ ಇರುವುದರಿಂದ. ತನ್ನ ಕೈ ಮಾತ್ರ ಚೊಕ್ಕ ಇಟ್ಟುಕೊಂಡು ಕೊಳೆ ಕೆಲಸ ಪಕ್ಕದವನಿಗೆ ಬಿಡುವುದು ಅದ್ಯಾವ ಧರ್ಮ? ಇವರ ಕೈಗೇ ರಾಜ್ಯ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು.

ಶಾಲೆಮೇಡಂ

ಕೊಟ್ಟಿದ್ದರು! ಸರಿಯಾದ ಪ್ರಶ್ನೆಯನ್ನೇ ಕೇಳಿದಿರಿ.

1681ರಲ್ಲಿ ವಿಲಿಯಂ ಪೆನ್ ಅನ್ನುವ ಕ್ವೇಕರ್‌ಗೆ ಅಮೆರಿಕದಲ್ಲಿ ದೊಡ್ಡ ಸೀಮೆ ಸಿಕ್ಕಿತು, ಅದೇ ಪೆನ್ಸಿಲ್ವೇನಿಯಾ. ಅವನ ಅಪ್ಪ ನೌಕಾಪಡೆಯ ಅಡ್ಮಿರಲ್. ಅಪ್ಪನಿಗೆ ರಾಜ ಕೊಡಬೇಕಾದ ಸಾಲದ ಲೆಕ್ಕಕ್ಕೆ ಮಗನಿಗೆ ಭೂಮಿ. ಯುದ್ಧದ ಮನೆತನದ ದುಡ್ಡಿನಲ್ಲಿ ಶಾಂತಿಯ ರಾಜ್ಯ ಅನ್ನಿ. ಪೆನ್ ಅಲ್ಲಿನ ಲೆನಾಪೆ ಜನರ ಜೊತೆ ಮಾತುಕತೆ ಮಾಡಿ, ಬೆಲೆ ಕೊಟ್ಟು ನೆಲ ಪಡೆದ. ಸುಮಾರು 70 ವರ್ಷ ಆ ಸೀಮೆಗೆ ತನ್ನದೇ ಸೈನ್ಯ ಇರಲಿಲ್ಲ, ಮೂಲನಿವಾಸಿಗಳ ಜೊತೆ ಯುದ್ಧವೂ ಆಗಲಿಲ್ಲ. (ಪೆನ್ ಮಕ್ಕಳ ಕಾಲಕ್ಕೆ 1737ರಲ್ಲಿ ಲೆನಾಪೆಗಳಿಗೆ ಭೂಮಿಯಲ್ಲಿ ದೊಡ್ಡ ಮೋಸ ಆಯಿತು. ಮುಂದೆ ರಕ್ತ ಹರಿದದ್ದಕ್ಕೆ ಅದೂ ಒಂದು ಕಾರಣ. ಇದನ್ನು ಪಾಠ ಮಾಡುವಾಗ ಬಹಳ ಜನ ಹಾರಿಸಿಬಿಡುತ್ತಾರೆ.)

ಆದರೆ ದೊರೆ ಇಂಗ್ಲೆಂಡಿನವನು, ದೊರೆಗೆ ಯುದ್ಧ ತಪ್ಪಿದ್ದಲ್ಲ. ದುಡ್ಡು ಕಳಿಸಿ ಅಂತ ಆಗಾಗ ಓಲೆ ಬರುತ್ತಿತ್ತು. ಶಾಸನಸಭೆಯಲ್ಲಿ ಕ್ವೇಕರ್‌ಗಳೇ ಜಾಸ್ತಿ. ಇಲ್ಲ ಅಂದರೆ ದೊರೆಗೆ ಕೋಪ, ಹೂಂ ಅಂದರೆ ದೇವರಿಗೆ. ಆಗ ಏನು ಮಾಡುತ್ತಿದ್ದರು ಅನ್ನುವುದನ್ನು ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ್ದಾನೆ. ಒಮ್ಮೆ ನ್ಯೂ ಇಂಗ್ಲೆಂಡ್ ಸೀಮೆಯವರ ಪಡೆಗೆ ಮದ್ದಿನಪುಡಿ ಬೇಕಾಯಿತು. ಮದ್ದಿಗೆ ದುಡ್ಡು ಕೊಡಲು ಇವರಿಗೆ ಆಗುವುದಿಲ್ಲ. ಅದಕ್ಕೆ 'ರೊಟ್ಟಿ, ಹಿಟ್ಟು, ಗೋಧಿ ಅಥವಾ ಬೇರೆ ಕಾಳು' ಕೊಳ್ಳಲು ಅಂತ 3,000 ಪೌಂಡ್ ಮಂಜೂರು ಮಾಡಿದರು. ಗವರ್ನರ್, 'ಬೇರೆ ಕಾಳು ಅಂದರೆ ಮದ್ದಿನಪುಡಿ, ನನಗೆ ಅರ್ಥವಾಯಿತು' ಅಂದು ಅದನ್ನೇ ಕೊಂಡ. ಮದ್ದೂ ಕಾಳು ಕಾಳಾಗಿಯೇ ಇರುತ್ತದಲ್ಲ! ಕ್ವೇಕರ್‌ಗಳು ತುಟಿಪಿಟಕ್ ಅನ್ನಲಿಲ್ಲ.

ಇದು 1756ರವರೆಗೆ ನಡೆಯಿತು. ಆ ವರ್ಷ ಗವರ್ನರ್ ಮೂಲನಿವಾಸಿಗಳ ಮೇಲೆ ಯುದ್ಧ ಸಾರಿ, ಅವರ ನೆತ್ತಿಯ ಚರ್ಮ ತಂದವರಿಗೆ ಬಹುಮಾನ ಇಟ್ಟ. ಕ್ವೇಕರ್ ಸದಸ್ಯರಲ್ಲಿ ಆರು ಮಂದಿ ಶಾಸನಸಭೆಗೆ ರಾಜೀನಾಮೆ ಕೊಟ್ಟು ಎದ್ದು ಹೋದರು. ಆ ಸೀಮೆಯ ಆಡಳಿತ ಮತ್ತೆ ಅವರ ಕೈಗೆ ಬರಲಿಲ್ಲ.

ಹಾಗಾಗಿ ಸಿಪಾಯಿ_ತಮ್ಮ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಎರಡೂ ಹೌದು. ಬಹಳ ಕಾಲ ನಡೆಸಿದರು. ಕೊನೆಗೆ ಆಗಲಿಲ್ಲ.

ನುಗ್ಗೇಕಾಯಿ_ಸಾರು

'ಬೇರೆ ಕಾಳು'!! ನಮ್ಮ ಮನೆಯಲ್ಲಿ ಶ್ರಾವಣ ಮಾಸದಲ್ಲಿ ಅಪ್ಪ ಹೊರಗಡೆ ತಿನ್ನೋ 'ಕಬಾಬ್ ಅಲ್ಲ, ಬರೀ ಮಸಾಲೆ' ನೆನಪಾಯ್ತು.

ಸಿಪಾಯಿ_ತಮ್ಮ

ಮೇಡಂ, ಧನ್ಯವಾದ. ಎದ್ದು ಹೋದದ್ದಕ್ಕೆ ಗೌರವ ಇದೆ. 'ಬೇರೆ ಕಾಳಿಗೆ' ಇಲ್ಲ.

ಕೂಟೆನಿ_ಕನ್ನಡತಿ

ಕ್ವೇಕರ್‌ಗಳು ರಾಜ್ಯ ಆಳಲು ಹೋದರು, ಅದಕ್ಕೇ ಸಿಕ್ಕಿಬಿದ್ದರು. ಅವರಿಗಿಂತ ನೂರು ವರ್ಷ ಹಿಂದೆಯೇ ಬೇರೆ ದಾರಿ ಹಿಡಿದವರು ಇದ್ದರು. ಸ್ವಿಟ್ಜರ್ಲೆಂಡ್, ಜರ್ಮನಿ, ಹಾಲೆಂಡ್ ಕಡೆಯ ಅನಬ್ಯಾಪ್ಟಿಸ್ಟರು, ಅಂದರೆ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಕ್ರೈಸ್ತ ಪಂಥದವರು. 1527ರಲ್ಲಿ ಶ್ಲೈಟ್‌ಹೈಮ್ ಅನ್ನುವ ಊರಲ್ಲಿ ಸೇರಿ ಏಳು ಮಾತು ಬರೆದರು. ಅದರಲ್ಲಿ ಖಡ್ಗದ ಬಗ್ಗೆ ಒಂದು. ಲೋಕವನ್ನು ಹದ್ದಿನಲ್ಲಿಡಲು ದೇವರೇ ಖಡ್ಗ ಇಟ್ಟಿದ್ದಾನೆ, ಆದರೆ ಅದು ಕ್ರಿಸ್ತನ ಪೂರ್ಣತೆಯ ಹೊರಗಿನದು. ಆದ್ದರಿಂದ ನಮ್ಮವರು ಅಧಿಕಾರಿಯೂ ಆಗಬಾರದು. ಬರೆದವನು ಅಂತ ಹೇಳುವ ಮಿಖಾಯೆಲ್ ಸಾಟ್ಲರ್‌ನನ್ನು ಮೂರು ತಿಂಗಳಲ್ಲಿ ಸುಟ್ಟರು.

ಅವರ ಕತೆಗಳಲ್ಲಿ ಡಿರ್ಕ್ ವಿಲ್ಲೆಮ್ಸ್‌ನದು ನನ್ನನ್ನು ಬಿಡುವುದೇ ಇಲ್ಲ. 1569, ಹಾಲೆಂಡಿನ ಆಸ್ಪೆರೆನ್. ಚಿಂದಿ ಬಟ್ಟೆ ಗಂಟು ಹಾಕಿ ಜೈಲಿನ ಕಿಟಕಿಯಿಂದ ಇಳಿದು ಓಡಿದ. ಎದುರಿಗೆ ತೆಳ್ಳಗೆ ಹೆಪ್ಪುಗಟ್ಟಿದ ಕೆರೆ. ಜೈಲಿನ ಊಟದಲ್ಲಿ ಕಡ್ಡಿಯಾಗಿದ್ದ, ಹಾಗಾಗಿ ದಾಟಿಬಿಟ್ಟ. ಹಿಂದೆ ಬಂದ ಕಾವಲಿನವನ ಭಾರಕ್ಕೆ ಮಂಜು ಒಡೆಯಿತು. ಕಾಪಾಡಿ ಅಂತ ಕೂಗಿದ. ಡಿರ್ಕ್ ತಿರುಗಿ ಬಂದು ಅವನನ್ನು ಎಳೆದು ದಡಕ್ಕೆ ಹಾಕಿದ. ಉಳಿದುಕೊಂಡವನಿಗೆ ಇವನನ್ನು ಬಿಟ್ಟುಬಿಡೋಣ ಅನಿಸಿತಂತೆ. ಆಚೆ ದಡದಲ್ಲಿ ನಿಂತಿದ್ದ ಊರಿನ ಅಧಿಕಾರಿ, ನಿನ್ನ ಪ್ರಮಾಣ ನೆನಪಿಟ್ಟುಕೋ ಅಂತ ಗದರಿದ. ಹಿಡಿದುಕೊಟ್ಟ. ಮೇ 16ಕ್ಕೆ ಡಿರ್ಕ್‌ನನ್ನು ಸುಟ್ಟರು. ಗಾಳಿ ಜೋರಿದ್ದು ಬೆಂಕಿ ಆಚೆ ವಾಲುತ್ತಿತ್ತು, ಸಾಯಲು ಬಹಳ ಹೊತ್ತಾಯಿತು.

ಸಿಪಾಯಿ_ತಮ್ಮ ಅವರ 'ಕೈ ಚೊಕ್ಕ' ಮಾತು ಎಲ್ಲರಿಗೂ ಹೊಂದಲ್ಲ ಅಂತ ಹೇಳಲು ಇಷ್ಟು ಬರೆದೆ.

ಬಸದಿಬೀದಿ

ಮೂಡಬಿದಿರೆಯಿಂದ ನಮಸ್ಕಾರ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಭರತ-ಬಾಹುಬಲಿ ಕತೆ ಯಾರಾದರೂ ತರುತ್ತಾರೆ ಅಂತ ಕಾದೆ, ತರಲಿಲ್ಲ. ಎರಡು ಸೈನ್ಯ ಎದುರುಬದುರು ನಿಂತಾಗ ಮಂತ್ರಿಗಳು ತಡೆದು, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕು, ನೀವಿಬ್ಬರೇ ತೀರಿಸಿಕೊಳ್ಳಿ ಅಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಪಂಪ ಬರೆದದ್ದು 941ರಲ್ಲಿ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಅದಲ್ಲ. ಗಾಲ್ಟನ್ ಪ್ರಶ್ನೆಗೆ ನಮ್ಮ ಜೈನರಲ್ಲಿ ಒಂದು ಹೆಸರೇ ಇದೆ. ಶ್ರಾವಕರ, ಅಂದರೆ ಸಂಸಾರಸ್ಥರ, ಪಾಠದಲ್ಲಿ ಹಿಂಸೆಯನ್ನು ನಾಲ್ಕು ಬಗೆ ಅಂತ ಹೇಳಿಕೊಡುತ್ತಾರೆ. ಬೇಕಂತಲೇ ಮಾಡುವುದು ಸಂಕಲ್ಪಿ. ಅಡಿಗೆ ಮನೆ ಕೆಲಸದಲ್ಲಿ ಆಗುವುದು ಆರಂಭಿ. ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧಿ. ಮುನಿಗೆ ನಾಲ್ಕೂ ಇಲ್ಲ. ಗೃಹಸ್ಥ ಮೊದಲನೆಯದನ್ನು ಪೂರಾ ಬಿಡಬೇಕು, ಉಳಿದದ್ದನ್ನು ಕಡಿಮೆ ಮಾಡಿಕೊಳ್ಳಬೇಕು. ಇದಲ್ಲದೆ 'ಹಿಂಸಾದಾನ' ಅಂತ ಬೇರೆಯೇ ಒಂದು ತಪ್ಪಿದೆ. ಕೊಡಲಿ, ಕತ್ತಿ, ಬೆಂಕಿ, ಸರಪಳಿ ಇಂಥದ್ದನ್ನು ಇನ್ನೊಬ್ಬನ ಕೈಗೆ ಕೊಡುವುದು. ಅವನು ಅದರಿಂದ ಏನು ಮಾಡಿದ ಅನ್ನುವುದು ಆಮೇಲಿನ ಮಾತು. ಕೊಟ್ಟದ್ದೇ ತಪ್ಪು. ಬಾರ್ಲಿ ಬಿತ್ತಿದವನು ಇದರೊಳಗೆ ಬರುವುದಿಲ್ಲ. ಬಂದೂಕು ಮಾಡಿದವನು ಬರುತ್ತಾನೆ.

ಕೆಂಪುಶಾಯಿ

ಚೆನ್ನಾಗಿದೆ. ಆದರೆ ಬಾಹುಬಲಿ ವಿಗ್ರಹ ನಿಲ್ಲಿಸಿದ ಚಾವುಂಡರಾಯ ಯಾರು? ಗಂಗರ ಸೇನಾಪತಿ, 'ಸಮರ ಪರಶುರಾಮ' ಅಂತ ಬಿರುದು. ಯುದ್ಧ ಬಿಟ್ಟವನ ಮೂರ್ತಿಯನ್ನು ಯುದ್ಧ ಗೆದ್ದವನು ಕಡೆಸಿದ.

ಬಸದಿಬೀದಿ

ಹೌದು. ಅದನ್ನು ಮುಚ್ಚಿಡುವಂಥದ್ದು ಏನಿಲ್ಲ. ಜೈನರಲ್ಲಿ ರಾಜರು, ದಂಡನಾಯಕರು ಬೇಕಾದಷ್ಟು ಇದ್ದರು. ಮುನಿಗೆ ಒಂದು ನಿಯಮ, ಸಂಸಾರಸ್ಥನಿಗೆ ಒಂದು ಅಂತ ಮೊದಲೇ ಎರಡು ಮೆಟ್ಟಿಲು ಇಟ್ಟುಕೊಂಡದ್ದರಿಂದ ನಮಗೆ 'ಬೇರೆ ಕಾಳು' ಬೇಕಾಗಲಿಲ್ಲ. ಕ್ವೇಕರ್‌ಗಳಿಗೆ ಪಾದ್ರಿಯೇ ಇಲ್ಲ, ಎಲ್ಲರೂ ಒಂದೇ ಮೆಟ್ಟಿಲು. ಅಂಗಡಿಯವನೂ ಮುನಿಯ ವ್ರತ ಹಿಡಿಯಬೇಕು. ಕಷ್ಟ ಬಂದದ್ದೇ ಅಲ್ಲಿ ಅಂತ ಕಾಣುತ್ತದೆ.

ಹಳೇಕಡತ

ಬಸದಿಬೀದಿಯವರೇ, ಈ ಎರಡು ಮೆಟ್ಟಿಲಿನ ಮಾತು ನನಗೆ ಹೊಳೆದೇ ಇರಲಿಲ್ಲ. ಇದರಿಂದ ಇನ್ನೊಂದು ಗಂಟೂ ಬಿಚ್ಚುತ್ತಿದೆ. ನೆಪೋಲಿಯನ್ ಯುದ್ಧಗಳು ಮುಗಿದ ಕೂಡಲೇ ಶಾಂತಿ ಸಂಘಗಳು ಹುಟ್ಟಿದವಲ್ಲ, ಅವುಗಳಲ್ಲೂ ಇದೇ ಮೆಟ್ಟಿಲು ಇದೆ.

ಮೊದಲನೆಯದು ನ್ಯೂಯಾರ್ಕ್, 1815. ಶುರು ಮಾಡಿದವನು ಡೇವಿಡ್ ಲೋ ಡಾಜ್. ಕ್ವೇಕರ್ ಅಲ್ಲ, ಪ್ರೆಸ್ಬಿಟೇರಿಯನ್ ಅನ್ನುವ ಬೇರೆ ಕ್ರೈಸ್ತ ಪಂಥದ ಬಟ್ಟೆ ವ್ಯಾಪಾರಿ. ದುಡ್ಡು ಒಯ್ಯುವಾಗ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ. 1805ರಲ್ಲಿ ಪ್ರಾವಿಡೆನ್ಸ್ ಊರಿನ ವಸತಿಗೃಹದಲ್ಲಿ ಮಲಗಿದ್ದಾಗ ರಾತ್ರಿ ಯಾರೋ ಬಾಗಿಲು ತೆಗೆದರು. ಕಳ್ಳ ಅಂತ ಪಿಸ್ತೂಲು ಎತ್ತಿದ. ಕೊನೇ ಗಳಿಗೆಯಲ್ಲಿ ದನಿ ಗುರುತು ಸಿಕ್ಕಿತು. ಮನೆಯ ಯಜಮಾನನೇ, ಕೋಣೆ ತಪ್ಪಿ ಬಂದಿದ್ದ. ಆ ರಾತ್ರಿ ಹತ್ತಿದ ಯೋಚನೆ ಅವನನ್ನು ಎಲ್ಲ ಯುದ್ಧದ ವಿರೋಧಕ್ಕೆ ತಂದು ನಿಲ್ಲಿಸಿತು. 1815ರ ಕೊನೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಸಂಘ ಕಟ್ಟಿದವನು ಪಾದ್ರಿ ನೋವಾ ವೂಸ್ಟರ್. ಇವನು ಹುಡುಗನಾಗಿದ್ದಾಗ ಬಂಕರ್ ಹಿಲ್ ಕಾಳಗದಲ್ಲಿ ಸೈನ್ಯಕ್ಕೆ ಕೊಳಲು ಊದಿದವನು.

1816ರ ಜೂನ್ 14ಕ್ಕೆ ಲಂಡನ್ ಸಂಘ. ಪ್ಲೌ ಕೋರ್ಟಿನಲ್ಲಿ ವಿಲಿಯಂ ಆಲೆನ್ ಅನ್ನುವ ಕ್ವೇಕರ್ ಔಷಧಿ ವ್ಯಾಪಾರಿಯ ಮನೆಯಲ್ಲಿ ಸೇರಿದರು. ಮುಂದೆ ನಿಂತವನು ಜೋಸೆಫ್ ಟ್ರೆಗೆಲ್ಲಿಸ್ ಪ್ರೈಸ್. ವೇಲ್ಸ್‌ನ ನೀತ್ ಆಬಿ ಕಬ್ಬಿಣದ ಕಾರ್ಖಾನೆ ಅವನದು. ಉಗಿಯಂತ್ರ ಮಾಡುತ್ತೇನೆ, ಫಿರಂಗಿ ಎರಕ ಹೊಯ್ಯುವುದಿಲ್ಲ ಅಂದವನು. ಗಾಲ್ಟನ್ ಮುಂದೆ ಈ ಪ್ರೈಸ್‌ನನ್ನು ನಿಲ್ಲಿಸಿ ನೋಡಿ. ಇಬ್ಬರೂ ಕ್ವೇಕರ್, ಇಬ್ಬರೂ ಕಬ್ಬಿಣದವರು.

ಈಗ ಮೆಟ್ಟಿಲಿನ ಮಾತು. ಲಂಡನ್ ಸಂಘದ ಸದಸ್ಯ ಯಾರು ಬೇಕಾದರೂ ಆಗಬಹುದಿತ್ತು, ದೇಶ ಕಾಯುವ ಯುದ್ಧ ತಪ್ಪಲ್ಲ ಅನ್ನುವವರೂ. ಆದರೆ ಆಡಳಿತ ಸಮಿತಿಗೆ ಬರಬೇಕಾದರೆ ಎಲ್ಲ ಯುದ್ಧವೂ ತಪ್ಪು ಅಂತ ಒಪ್ಪಿರಬೇಕು. ಸಮಿತಿಗೆ ಮುನಿಗಳು, ಸದಸ್ಯರಾಗಿ ಶ್ರಾವಕರು!

ಶಾಲೆಮೇಡಂ

ಗೆರೆಯ ಮಾತಿಗೆ ಬರೋಣ. ಗಾಲ್ಟನ್‌ನ 'ತೆರಿಗೆ ಕಟ್ಟುತ್ತೀರಲ್ಲ' ಅನ್ನುವ ಏಟು ಇದೆಯಲ್ಲ, ಅದಕ್ಕೆ 40 ವರ್ಷ ಮುಂಚೆಯೇ ಒಬ್ಬ ದರ್ಜಿ ಉತ್ತರ ಕೊಟ್ಟಿದ್ದ. ನ್ಯೂಜೆರ್ಸಿಯ ಜಾನ್ ವುಲ್ಮನ್. 1755ರಲ್ಲಿ ಯುದ್ಧಕ್ಕೆ ಅಂತ ತೆರಿಗೆ ಹಾಕಿದಾಗ, ಕಟ್ಟುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ ಅಂದ. ಅವನ ಪಂಥದ ಹಿರಿಯರೇ ಕಟ್ಟುತ್ತಿದ್ದರು. ತನಗಿಂತ ಒಳ್ಳೆಯವರು ಕಟ್ಟುವಾಗ ನಾನು ಬೇಡ ಅನ್ನುವುದು ಹೇಗೆ ಅಂತ ಬಹಳ ಸಂಕಟಪಟ್ಟಿದ್ದಾನೆ.

1758ರದ್ದು ಇನ್ನೂ ಚೆನ್ನಾಗಿದೆ. ಅವನ ಊರಿಗೆ ಸೈನಿಕರು ಬಂದರು, ಮನೆಮನೆಗೆ ಹಂಚಿದರು. ನಿನ್ನ ಮನೆಗೆ ಇಬ್ಬರು, ವಾರಕ್ಕೆ ತಲೆಗೆ ಆರು ಶಿಲಿಂಗ್ ಕೊಡುತ್ತೇವೆ ಅಂದರು. ಏನು ಮಾಡುವುದು? ಬಾಗಿಲು ಹಾಕಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಬಂದವನು ಒಬ್ಬನೇ. ಎರಡು ವಾರ ಇಟ್ಟುಕೊಂಡು ಊಟ ಹಾಕಿದ. ಅಧಿಕಾರಿ ದುಡ್ಡು ಕೊಡಲು ಬಂದಾಗ ತಗೊಳ್ಳಲಿಲ್ಲ. ಆ ಹುಡುಗನಿಗೆ ಊಟ ಹಾಕಬಹುದು, ಆದರೆ ಯುದ್ಧದಿಂದ ಕಾಸು ಮಾಡಬಾರದು. ನನಗೆ ಈ ಗೆರೆ ಬಹಳ ಇಷ್ಟ.

ಮಂಜು_ಪೀಣ್ಯ

ನಮಸ್ಕಾರ. ಇಲ್ಲಿ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ಕ್ಷಮಿಸಿ. ನನ್ನದು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್, ಮೂರು ಸಿಎನ್‌ಸಿ ಮೆಷಿನ್, ಏಳು ಜನ ಹುಡುಗರು. ಡ್ರಾಯಿಂಗ್ ಬರುತ್ತೆ, ಮೆಟೀರಿಯಲ್ ಬರುತ್ತೆ, ನಾವು ಪೀಸ್ ತೆಗೆದು ಕಳಿಸ್ತೀವಿ. ಯಾವುದಕ್ಕೆ ಹಾಕ್ತಾರೆ ಅಂತ ಯಾರೂ ಹೇಳಲ್ಲ, ನಾವೂ ಕೇಳಲ್ಲ. ಹೋದ ವರ್ಷ ಒಂದು ಬುಷ್‌ನಂಥ ಪೀಸ್, 600 ನಂಬರ್ ಆರ್ಡರ್. ಟಾಲರೆನ್ಸ್ ಬಹಳ ಬಿಗಿ. ಅದು ಯಾವುದೋ ಗನ್ನಿಂದು ಇರಬೇಕು ಅಂತ ನಮ್ಮ ಫೋರ್‌ಮನ್ ಹೇಳಿದ. ನಾನು ಧರ್ಮ ಗಿರ್ಮ ಅಂತ ತಲೆ ಕೆಡಿಸಿಕೊಂಡವನಲ್ಲ. ಈ ಗಾಲ್ಟನ್ ಕತೆ ಓದಿ ನಿನ್ನೆ ರಾತ್ರಿ ಯಾಕೋ ನಿದ್ದೆ ಬರಲಿಲ್ಲ, ಅಷ್ಟೆ.

ಸಿಪಾಯಿ_ತಮ್ಮ

ಮಂಜು ಅವರೇ, ನಿದ್ದೆ ಮಾಡಿ. ನೀವು ಚೆನ್ನಾಗಿ ತೆಗೆದ ಪೀಸ್‌ನಿಂದ ನನ್ನ ಅಣ್ಣನ ಜೀವ ಉಳಿಯಬಹುದು.

ಕೆಂಪುಶಾಯಿ

ನಾನು ಕೇಳಬೇಕಾದದ್ದನ್ನು ಯಾರೂ ಕೇಳಲಿಲ್ಲ. ಯುದ್ಧ ಬೇಡ, ತಿರುಗಿ ಹೊಡೆಯಬೇಡ ಅನ್ನುವುದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಹೊಡೆಸಿಕೊಳ್ಳುತ್ತಿರುವವನಿಗೆ ಉಪದೇಶ ಬೇರೆ ಬೇಕಾ?

ಅಮೆರಿಕದ ಗುಲಾಮಗಿರಿಯ ಕತೆ ನೋಡಿ. ವಿಲಿಯಂ ಲಾಯ್ಡ್ ಗ್ಯಾರಿಸನ್ 1838ರಲ್ಲಿ ಅಪ್ರತಿರೋಧ ಸಂಘ ಕಟ್ಟಿದ. ಯುದ್ಧವಿರಲಿ, ಕೋರ್ಟು, ಓಟು, ಪೊಲೀಸು ಯಾವುದೂ ಬೇಡ, ಎಲ್ಲದರ ಹಿಂದೆ ಕತ್ತಿ ಇದೆ ಅಂದವನು. ಅದೇ ಮನುಷ್ಯ ಗುಲಾಮಗಿರಿಯ ಅತಿ ದೊಡ್ಡ ಶತ್ರು. 1861ರಲ್ಲಿ ಯುದ್ಧ ಬಂತು. ಯುದ್ಧ ಬೇಡ ಅಂದರೆ ಗುಲಾಮಗಿರಿ ಉಳಿಯುತ್ತೆ. ಗ್ಯಾರಿಸನ್ ಯುದ್ಧದ ಪರ ನಿಂತ. ಅವನ ದೊಡ್ಡ ಮಗ ಕರಿಯ ಸೈನಿಕರ 55ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿಗೆ ಅಧಿಕಾರಿಯಾಗಿ ಹೋದ. ಅಮೆರಿಕದ ಶಾಂತಿ ಸಂಘ ಏನಂತು? ಇದು ಯುದ್ಧ ಅಲ್ಲ, ದಂಗೆ ಅಡಗಿಸುವ ಪೊಲೀಸ್ ಕೆಲಸ ಅಂತು. ಇದೂ 'ಬೇರೆ ಕಾಳೇ' ಅಲ್ವಾ? ಗ್ಯಾರಿಸನ್‌ನನ್ನು ನಾನು ದೂರುವುದಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಶಾಲೆಮೇಡಂ

ನೀವು ಹೇಳಿದ್ದು ನಿಜ, ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಅದೇ ಯುದ್ಧದಲ್ಲಿ ಗೆರೆ ಬಿಡದ ಒಬ್ಬನನ್ನೂ ನೋಡಿ. ವರ್ಮಾಂಟ್‌ನ ಸೈರಸ್ ಪ್ರಿಂಗಲ್, ಕ್ವೇಕರ್. 1863ರಲ್ಲಿ ಸೈನ್ಯಕ್ಕೆ ಹೆಸರು ಬಂತು. 300 ಡಾಲರ್ ಕಟ್ಟಿದರೆ ಬಿಡುಗಡೆ ಅಂತ ಕಾನೂನಿತ್ತು. ಕಟ್ಟಲಿಲ್ಲ, ನನ್ನ ದುಡ್ಡಿನಿಂದ ಇನ್ನೊಬ್ಬ ಹೋಗಬೇಕಾಗುತ್ತೆ ಅಂತ. ಹತ್ತಿರದ ಬಂಧುವೊಬ್ಬ ತಾನೇ ಕಟ್ಟುತ್ತೇನೆ ಅಂದ, ಅದೂ ಬೇಡ ಅಂದ. ಹಿಡಿದುಕೊಂಡು ಹೋದರು. ಬಂದೂಕು ಮುಟ್ಟದಿದ್ದಾಗ ಮೈಗೇ ಕಟ್ಟಿದರು. ಆಸ್ಪತ್ರೆ ಕೆಲಸವನ್ನಾದರೂ ಮಾಡು ಅಂದರೆ, ಅದೂ ಇನ್ನೊಬ್ಬ ಸೈನಿಕನನ್ನು ಮುಂದಕ್ಕೆ ಕಳಿಸಿದ ಹಾಗೆ ಅಂದ. ಅಕ್ಟೋಬರ್ 3ರಂದು ವರ್ಜೀನಿಯಾದ ಕಲ್‌ಪೆಪರ್‌ನಲ್ಲಿ ಕೈಕಾಲು ಅಗಲಿಸಿ ನೆಲಕ್ಕೆ ಗೂಟ ಹೊಡೆದು ಬಿಸಿಲಲ್ಲಿ ಕಟ್ಟಿ ಹಾಕಿದರು. ಸುದ್ದಿ ಲಿಂಕನ್‌ವರೆಗೆ ಹೋಗಿ ನವೆಂಬರ್‌ನಲ್ಲಿ ಮನೆಗೆ ಕಳಿಸಿದರು. ಆಮೇಲೆ ದೊಡ್ಡ ಸಸ್ಯವಿಜ್ಞಾನಿಯಾದ, ಮೆಕ್ಸಿಕೋದ ಗಿಡಗಳನ್ನು ಹುಡುಕಿದ. ಎಷ್ಟೋ ಗಿಡಗಳಿಗೆ ಅವನ ಹೆಸರೇ ಇದೆ.

ಮರುವರ್ಷ, 1864ರಲ್ಲಿ, ಧರ್ಮದ ಕಾರಣಕ್ಕೆ ಆಯುಧ ಹಿಡಿಯದವರಿಗೆ ಆಸ್ಪತ್ರೆ ಕೆಲಸ ಕೊಡಬಹುದು ಅಂತ ಕಾನೂನು ಬಂತು. ಪ್ರಿಂಗಲ್ ಬೇಡ ಅಂದದ್ದೇ ಬೇರೆಯವರಿಗೆ ಅನುಕೂಲವಾಯಿತು.

ಕೂಟೆನಿ_ಕನ್ನಡತಿ

ನಾನಿರುವ ಕಡೆಯದ್ದೂ ಒಂದು ಹೇಳಿಬಿಡುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಕಾಸಲ್‌ಗಾರ್ ಹತ್ತಿರ ನಮ್ಮ ಮನೆ. ಇಲ್ಲಿ ದುಖೊಬೋರ್ ಅನ್ನುವ ರಷ್ಯನ್ ಮೂಲದ ಜನ ಇದ್ದಾರೆ. ಇವರ ಹಿರಿಯರು 1895ರಲ್ಲಿ, ಪೇತ್ರನ ಹಬ್ಬದ ರಾತ್ರಿ, ಕಾಕಸಸ್ ಬೆಟ್ಟದ ಮೂರು ಕಡೆ ತಮ್ಮ ಹತ್ತಿರ ಇದ್ದಬದ್ದ ಬಂದೂಕು, ಕತ್ತಿಗಳನ್ನೆಲ್ಲ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಸುತ್ತ ನಿಂತು ಭಜನೆ ಹಾಡಿದರು. ರಷ್ಯಾದ ದೊರೆಯ ಕೊಸಾಕ್ ಕುದುರೆ ಸವಾರರು ಬಂದು ಚಾವಟಿಯಲ್ಲಿ ಬಾರಿಸಿದರು. ಸಾವಿರಾರು ಜನರನ್ನು ಊರು ಬಿಡಿಸಿ ಚೆಲ್ಲಾಪಿಲ್ಲಿ ಮಾಡಿದರು, ಹಸಿವಿನಲ್ಲಿ ಬಹಳ ಮಂದಿ ಸತ್ತರು. 1899ರಲ್ಲಿ ಸುಮಾರು 7,500 ಜನ ಹಡಗು ಹತ್ತಿ ಕೆನಡಾಕ್ಕೆ ಬಂದರು. ದುಡ್ಡು ಕೂಡಿಸಿದವರಲ್ಲಿ ಟಾಲ್‌ಸ್ಟಾಯ್ ಒಬ್ಬ, ಇಂಗ್ಲೆಂಡಿನ ಕ್ವೇಕರ್‌ಗಳು ಇನ್ನೊಂದು ಕಡೆ.

ನಮ್ಮ ಪಕ್ಕದ ಮನೆಯ ಅಜ್ಜಿ ಆ ಪೈಕಿ. ಮೊದಲ ಸಲ ಅವರ ಹಾಡು ಕೇಳಿದಾಗ ವಾದ್ಯ ಒಂದೂ ಇಲ್ಲ, ಬರೀ ದನಿ. ನನಗೆ ನಮ್ಮೂರ ಮಠದಲ್ಲಿ ಸಂಜೆ ಒಟ್ಟಿಗೆ ವಚನ ಹೇಳುವುದು ನೆನಪಾಗಿ ಗಂಟಲು ಕಟ್ಟಿತು.

ಹಳೇಕಡತ

ಟಾಲ್‌ಸ್ಟಾಯ್ ಅಂದಿರಲ್ಲ, ನಮ್ಮ ಗಾಂಧಿಗೆ ದಾರಿ ಅಲ್ಲಿಂದಲೇ. ಅಮೆರಿಕದ ಅಪ್ರತಿರೋಧದವರಲ್ಲಿ ಏಡಿನ್ ಬಲೂ ಅನ್ನುವ ಪಾದ್ರಿ ಗ್ಯಾರಿಸನ್ ಹಾಗೆ ಯುದ್ಧದ ಕಡೆ ಹೋಗದೆ ಕೊನೆವರೆಗೂ ನಿಂತ. ಮುದುಕನಾದ ಮೇಲೆ ಟಾಲ್‌ಸ್ಟಾಯ್ ಜೊತೆ ಪತ್ರ ವ್ಯವಹಾರ ನಡೆಯಿತು. ಟಾಲ್‌ಸ್ಟಾಯ್ ಆ ಯೋಚನೆಗಳನ್ನು ಒಂದು ಪುಸ್ತಕದಲ್ಲಿ ತಂದ, ಅದನ್ನು ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ಓದಿದರು. ಅಂಥ ಗಾಂಧಿಯೂ ಬೋಯರ್ ಯುದ್ಧದಲ್ಲಿ ಆಂಬುಲೆನ್ಸ್ ದಳ ಕಟ್ಟಿದರು. 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಸೇರಿ ಅಂತ ಹಳ್ಳಿಹಳ್ಳಿ ಸುತ್ತಿದರು. ಪ್ರಿಂಗಲ್ ಬಿಟ್ಟ ಆಸ್ಪತ್ರೆ ಕೆಲಸವನ್ನು ಗಾಂಧಿ ಕೇಳಿ ತಗೊಂಡರು ಅಂದ ಹಾಗಾಯಿತು. ಯಾರ ಗೆರೆ ಸರಿ ಅಂತ ನಾನು ಹೇಳುವುದಿಲ್ಲ, ಹೇಳುವ ಯೋಗ್ಯತೆಯೂ ಇಲ್ಲ.

ನುಗ್ಗೇಕಾಯಿ_ಸಾರು

ಎಲ್ಲಾ ಸರಿ, ಆ ಗಾಲ್ಟನ್ ಆಮೇಲೆ ಏನಾದ? ಊರು ಬಿಟ್ಟನಾ?

ಹಳೇಕಡತ

ಇಲ್ಲ ಮಾರಾಯ್ರೇ. ಹೊರಗಿಡುವುದು ಅಂದರೆ ನಮ್ಮ ಹಳ್ಳಿಯ ಬಹಿಷ್ಕಾರದ ಹಾಗೆ ನೀರು, ಬೆಂಕಿ ನಿಲ್ಲಿಸುವುದಲ್ಲ. ಸಭೆಯ ಲೆಕ್ಕದಲ್ಲಿ ಸದಸ್ಯ ಅಲ್ಲ, ಅಷ್ಟೆ. ಆರಾಧನೆಗೆ ಬಂದು ಕೂರಬಹುದು. ಅವನು ಬಂದು ಕೂರುತ್ತಲೇ ಇದ್ದ. ಮಾತಿಲ್ಲದ ಆರಾಧನೆ ಬೇರೆ. ಸುತ್ತ ಕೂತವರೆಲ್ಲ ಅವನನ್ನು ಹೊರಗಿಟ್ಟವರು. ಆ ಮೌನದಲ್ಲಿ ಯಾರು ಏನು ಯೋಚಿಸುತ್ತಿದ್ದರೋ! 1804ರಲ್ಲಿ ಬ್ಯಾಂಕ್ ತೆರೆದ. ಬಂದೂಕಿನ ವ್ಯಾಪಾರವನ್ನು ಮಗ 1815ರಲ್ಲಿ ಮುಚ್ಚಿದ. ಅದು ವಾಟರ್ಲೂ ವರ್ಷ, ಯುದ್ಧವೇ ಮುಗಿದಿತ್ತು. ಮನಸ್ಸು ಬದಲಾಯಿತೋ, ಗಿರಾಕಿ ಇಲ್ಲವಾಯಿತೋ.

ಮಂಜು ಅವರೇ, ಕೇಳಬಾರದೇನೋ, ಆದರೂ ಕೇಳುತ್ತೇನೆ. ಆ 600 ಪೀಸ್ ಏನಾಯಿತು?

ಮಂಜು_ಪೀಣ್ಯ

ಕಳಿಸಿದೆ ಸರ್. 588 ಪಾಸ್ ಆಯ್ತು, 12 ರಿಜೆಕ್ಟ್. ಪೇಮೆಂಟ್ 45 ದಿನಕ್ಕೆ ಬಂತು, ಅದರಲ್ಲೇ ಹುಡುಗರಿಗೆ ಬೋನಸ್ ಕೊಟ್ಟೆ. ರಿಜೆಕ್ಟ್ ಆದ ಹನ್ನೆರಡು ಇನ್ನೂ ನನ್ನ ಟೇಬಲ್ ಡ್ರಾಯರ್‌ನಲ್ಲೇ ಇವೆ. ಗುಜರಿಗೆ ಹಾಕಬೇಕು, ಹಾಕಿಲ್ಲ. ಮುಂದಿನ ತಿಂಗಳು ರಿಪೀಟ್ ಆರ್ಡರ್ ಬರುತ್ತೆ ಅಂತ ಫೋನ್ ಬಂದಿದೆ.